ಡಾಂಬರ್ ಮನೆಯ ಕಾಲುದಾರಿ

ಕೊಟ್ಟಿಗೆಯ ಅಟ್ಟ ಗುಡಿಸುವುದು ನಮ್ಮ ಮನೆಯಲ್ಲಿ ಯಾರೂ ಇಷ್ಟಪಟ್ಟು ಮಾಡುವ ಕೆಲಸವಲ್ಲ. ಹೆಂಡತಿ ಗಿರಿಜೆ ಹೇಳಿ ಹೇಳಿ ಬೇಸತ್ತು ಮಾತು ನಿಲ್ಲಿಸಿದ ಮೇಲೆ, ಆ ಮೌನಕ್ಕೆ ಹೆದರಿ ಮೊನ್ನೆ ಏಣಿ ಹಾಕಿದೆ. ಮುರಿದ ಕುಂಟೆ, ಹಳೆಯ ನೊಗ, ಇಲಿ ಕಡಿದ ಗೋಣಿಚೀಲಗಳ ಹಿಂದೆ ಒಂದು ಎಣ್ಣೆ ಡಬ್ಬ ಕೈಗೆ ಸಿಕ್ಕಿತು. ಎತ್ತಲು ಹೋದರೆ ಗುಂಡುಕಲ್ಲಿನ ಭಾರ. ಇಳಿಸಿ ಅಂಗಳದ ಬಿಸಿಲಿಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ವಾಸನೆ ಎದ್ದಿತು. ಡಾಂಬರು.

ಮಳೆ ಬಿದ್ದ ಮಣ್ಣಿನ ವಾಸನೆಗೆ ಕೆಲವರಿಗೆ ಊರು ನೆನಪಾಗುತ್ತದಂತೆ, ಒಗ್ಗರಣೆ ವಾಸನೆಗೆ ಅಮ್ಮ ನೆನಪಾಗುತ್ತಾಳಂತೆ. ನನಗೆ ಡಾಂಬರಿನ ವಾಸನೆ ಬಂದರೆ ಕಿವಿ ಬಿಸಿಯಾಗುತ್ತದೆ. ನಾಚಿಕೆಗೂ ಒಂದು ವಾಸನೆ ಇರುತ್ತದೆ ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಪಣಕಹಳ್ಳಿಯಿಂದ ತಾಳವಾಡಿವರೆಗೂ ನಮ್ಮ ಮನೆಯ ವಿಷಯಕ್ಕೆ ನಗದವರು ಕಡಿಮೆ.

ನಮ್ಮ ಮನೆಗೆ ಡಾಂಬರ್ ಮನೆ ಅಂತ ಹೆಸರು. ಊರಿನಲ್ಲಿ ಮೂಲೆಮನೆ, ಬಾವಿಮನೆ ಇದ್ದ ಹಾಗೆ ನಮ್ಮದು ಡಾಂಬರ್ ಮನೆ. ನಮ್ಮದು ಕನ್ನಡದ ಸೀಮೆಯಾದರೂ ತಮಿಳುನಾಡಿಗೆ ಸೇರಿದ್ದು; ತಾಳವಾಡಿಯ ಕಚೇರಿಗಳಲ್ಲಿ ತಮಿಳಿನಲ್ಲಿ 'ತಾರ್ ವೀಟ್ಟುಕ್ಕಾರರ್', ಅಂದರೆ ಡಾಂಬರ್ ಮನೆಯವರು, ಅನ್ನುತ್ತಿದ್ದರು. ಅರ್ಜಿ ಕೊಡಲು ಹೋದರೆ ಗುಮಾಸ್ತ ತಲೆ ಎತ್ತುವ ಮೊದಲೇ ನಗು ಎತ್ತುತ್ತಿದ್ದ. ನಾನು ಸರ್ಕಾರಿ ಶಾಲೆಯ ಮೇಷ್ಟ್ರು, ಸಮಾಜ ವಿಜ್ಞಾನ ಕಲಿಸುತ್ತಿದ್ದವನು. ನನಗೂ ಒಂದು ಸ್ವಂತ ಹೆಸರಿತ್ತು. ಅದನ್ನು ಸಂಬಳದ ಪಟ್ಟಿ ಬರೆಯುವವರು ಬಿಟ್ಟು ಬೇರೆ ಯಾರೂ ಬಳಸುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮಪ್ಪ. ಅಪ್ಪ ಬಸ್ಸಿನ ಡ್ರೈವರು. ಜೀವಮಾನವೆಲ್ಲ ದಿಂಬಂ ಘಾಟಿಯ ತಿರುವುಗಳನ್ನು ಹತ್ತಿ ಇಳಿದವರು. ಅವರಿಗೆ ಕಾಡು ಅಂದರೆ ರಸ್ತೆಯ ಎರಡು ಅಂಚಿನಲ್ಲಿ ಇರುವ ಹಸಿರು, ಆನೆ ಅಂದರೆ ರಸ್ತೆಗೆ ಅಡ್ಡ ನಿಲ್ಲುವ ಒಂದು ಪ್ರಾಣಿ. ರಸ್ತೆಯೊಂದೇ ನಿಜ. ಯಾರಾದರೂ ಸತ್ಯಮಂಗಲದಲ್ಲಿ ಮದುವೆಗೆ ಹೋಗಿ ಬಂದರೆ, ಊಟ ಹೇಗಿತ್ತು ಅಂತ ಅವ್ವ ಕೇಳುತ್ತಿದ್ದಳು, ಬಣ್ಣಾರಿ ಈಚೆಗೆ ಗುಂಡಿ ಮುಚ್ಚಿದ್ದಾರೋ ಅಂತ ಅಪ್ಪ ಕೇಳುತ್ತಿದ್ದರು.

ನನ್ನ ಮಟ್ಟಿಗೆ ಡಾಂಬರು ಅಂದರೆ ಚಿಕ್ಕಂದಿನಲ್ಲಿ ಆಟದ ಸಾಮಾನು. ಬೇಸಿಗೆಯಲ್ಲಿ ಊರ ಮುಂದಿನ ರಸ್ತೆಯ ಡಾಂಬರು ಸಣ್ಣ ಸಣ್ಣ ಗುಳ್ಳೆ ಎದ್ದು ಮಿರುಗುತ್ತಿತ್ತು. ನಾವು ಕಡ್ಡಿಯಿಂದ ಚುಚ್ಚಿ, ಕಿತ್ತು, ಅಂಗೈಯಲ್ಲಿ ಉರುಟಿ ಗೋಲಿ ಮಾಡುತ್ತಿದ್ದೆವು. ಒಂದು ಸಲ ನನ್ನ ಗೋಲಿ ಜೇಬಿನಲ್ಲೇ ಕರಗಿ ಚಡ್ಡಿ ತೊಡೆಗೆ ಅಂಟಿಕೊಂಡಿತು. ಅವ್ವ ಸೀಮೆಎಣ್ಣೆ ಹಾಕಿ ತಿಕ್ಕಿದಳು. ತೊಡೆ ಉರಿದು ನಾನು ಊರೆಲ್ಲ ಕೇಳುವ ಹಾಗೆ ಅತ್ತೆ. ಅಪ್ಪ ಬಂದವರು ನನ್ನನ್ನು ಸಮಾಧಾನ ಮಾಡಲಿಲ್ಲ. ರಸ್ತೆ ಕಿತ್ತಿದ್ದಕ್ಕೆ ಎರಡೇಟು ಬಿಟ್ಟರು. ಚಡ್ಡಿ ಇಲ್ಲದೆ, ಸೀಮೆಎಣ್ಣೆ ನಾರುತ್ತಾ, ರಸ್ತೆಯ ಪರವಾಗಿ ಏಟು ತಿಂದವನು ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಅಂಥ ಅಪ್ಪ ನಿವೃತ್ತರಾಗಿ ಮನೆಗೆ ಬಂದರು. ನಮ್ಮ ಮನೆ ರಸ್ತೆಯಿಂದ ಸ್ವಲ್ಪ ಕೆಳಗೆ, ಇಳಿಜಾರಿನಲ್ಲಿದೆ. ರಸ್ತೆಯಿಂದ ಜಗಲಿಗೆ ಕೆಮ್ಮಣ್ಣಿನ ಗಾಡಿಜಾಡು. ಮಳೆಗಾಲದಲ್ಲಿ ಅದು ರಾಗಿ ಅಂಬಲಿ ಥರ ಆಗುತ್ತಿತ್ತು. ಅಪ್ಪ ಒಂದು ಹಳೆಯ ಕಾರು ಕೊಂಡಿದ್ದರು. ಅದು ವರ್ಷದಲ್ಲಿ ಮುಕ್ಕಾಲು ಭಾಗ ಟಾರ್ಪಾಲು ಹೊದ್ದು ಮಲಗಿರುತ್ತಿತ್ತು. ಮೊದಲ ಮಳೆಯಲ್ಲಿ ಆ ಕಾರು ನಮ್ಮ ಜಾಡಿನಲ್ಲಿ ಹೂತುಕೊಂಡಿತು. ಘಾಟಿಯಲ್ಲಿ ಒಂದು ಸಲವೂ ಗಾಡಿ ಜಾರಿಸದ ಅಪ್ಪನ ಕಾರನ್ನು ಎತ್ತು ಕಟ್ಟಿ ಎಳೆಸಬೇಕಾಯಿತು. ಅಪ್ಪ ಅವತ್ತು ಉಣ್ಣಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಊರ ಮುಂದಿನ ರಸ್ತೆಗೆ ಹೊಸ ಡಾಂಬರು ಬೀಳುತ್ತಿತ್ತು. ಅಪ್ಪ ದಿನಾ ಹೋಗಿ ಅಲ್ಲೇ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕೆಲಸದ ಮೇಸ್ತ್ರಿ ಪರಿಚಯವಾದ. ರಸ್ತೆ ಕೆಲಸ ಮುಗಿದ ಮೇಲೆ ಅವನ ಆಳುಗಳನ್ನೇ ಕರೆಸಿ, ಚಾಮರಾಜನಗರದ ಕಡೆಯಿಂದ ಡ್ರಮ್ಮು ತರಿಸಿ, ಜಲ್ಲಿ ಹಾಸಿ, ರಸ್ತೆಯಿಂದ ನಮ್ಮ ಜಗಲಿಯವರೆಗೆ ಡಾಂಬರು ಹಾಕಿಸಿಬಿಟ್ಟರು. ಊರೊಳಗಿನ ಬೀದಿಗಳೆಲ್ಲ ಮಣ್ಣು. ಊರಾಚೆ ಕಾಲೊನಿಯಲ್ಲಿ ಮಣ್ಣಿಗೂ ಗತಿಯಿಲ್ಲ, ಬರೀ ಕೊರಕಲು. ನಡುವೆ ನಮ್ಮ ಮನೆಗೊಂದು ಕರಿ ರಸ್ತೆ. ಅದು ಸರ್ಕಾರದ ಡಾಂಬರೇ ಅಂತ ಊರು ತೀರ್ಮಾನಿಸಿತು. ಅಲ್ಲ ಅಂತ ಯಾರಿಗೆಂದು ಹೇಳುವುದು? ನಾನು ಕೆಲವು ತಿಂಗಳು ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟೆ.

ಡಾಂಬರು ಬಿಸಿಯಾಗಿದ್ದಾಗ ಅಪ್ಪ ರಸ್ತೆಯ ತಲೆಯಲ್ಲಿ ಹಗ್ಗ ಕಟ್ಟಿ, ಕೆಂಪು ಬಟ್ಟೆ ಇಳಿಬಿಟ್ಟು, ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಡ್ರೈವರಿಕೆಯ ಗಂಟಲು, ಬಸ್ಸಿನ ಹಿಂದಿನ ಬಾಗಿಲಿಗೂ ಕೇಳುವಂಥದ್ದು. ಯಾರೇ ಬಂದರೂ ಕಾಲಿಡಬ್ಯಾಡಿ ಅಂತ ಕೂಗುತ್ತಿದ್ದರು. ನನಗೆ ಕೂಗಿದರು, ಕರುವಿಗೆ ಕೂಗಿದರು, ಪಕ್ಕದ ಹೊಲದ ಬಸಪ್ಪನಿಗೆ ಕೂಗಿದರು, ಹೊಲದ ಕೆಲಸಕ್ಕೆ ಬರುತ್ತಿದ್ದ ಕಾಲೊನಿಯ ಹೆಂಗಸರಿಗೂ ಕೂಗಿದರು. ಕೇಳದೆ ಹೋದದ್ದು ಒಂದು ಕೋಳಿ ಮಾತ್ರ.

ಆಮೇಲೆ ಶುರುವಾಯಿತು ನೋಡಿ, ರಸ್ತೆಯ ಆರೈಕೆ. ಮಗುವಿನ ಬಾಣಂತನಕ್ಕೂ ಅಷ್ಟು ಗಡಿಬಿಡಿ ಇರುವುದಿಲ್ಲ. ಬೆಳಗ್ಗೆ ಎದ್ದು ಅಪ್ಪ ಮೊದಲು ರಸ್ತೆ ಗುಡಿಸುತ್ತಿದ್ದರು. ಬಿರುಕಿನಲ್ಲಿ ಗರಿಕೆ ತಲೆ ಎತ್ತಿದರೆ ಚಾಕುವಿನ ತುದಿಯಿಂದ ಬೇರುಸಹಿತ ಕೀಳುತ್ತಿದ್ದರು. ಕಾರಿನ ಎಣ್ಣೆ ತೊಟ್ಟಿಕ್ಕಿದರೆ ಡಾಂಬರು ಮೆತ್ತಗಾಗುತ್ತದೆ ಅಂತ ಕಾರಿನ ಅಡಿಗೆ ಅವ್ವನ ಹಿಟ್ಟಿನ ತಟ್ಟೆ ಇಟ್ಟರು. ಅವ್ವ ಅದನ್ನು ಕಿತ್ತುಕೊಂಡು ಹೋಗಿ, ಅವರು ಮತ್ತೆ ಇಟ್ಟು, ಕೊನೆಗೆ ಆ ತಟ್ಟೆ ರೊಟ್ಟಿಗೂ ಸಲ್ಲಲಿಲ್ಲ ಕಾರಿಗೂ ಸಲ್ಲಲಿಲ್ಲ. ಮಳೆಗಾಲಕ್ಕೆ ಮುಂಚೆ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಎಣ್ಣೆ ಡಬ್ಬದಲ್ಲಿ ಡಾಂಬರು ಕರಗಿಸಿ, ಮಂಡಿಯೂರಿ ಕೂತು ಬಿರುಕಿಗೆ ಸುರಿದು, ಮೇಲೆ ಮರಳು ಉದುರಿಸಿ ಕರಣೆಯಿಂದ ಸವರುತ್ತಿದ್ದರು. ಆ ಹೊಗೆ ಬಸಪ್ಪನ ಮನೆಯ ಅಡುಗೆಗೆ ಸೇರಿ, ಅವರ ಹುರುಳಿಸಾರು ಕೂಡ ರಸ್ತೆ ಥರ ನಾರುತ್ತದೆ ಅಂತ ಅವನ ಹೆಂಡತಿ ಬಾವಿಕಟ್ಟೆಯಲ್ಲಿ ಹೇಳಿದ್ದಳು.

ನನ್ನ ಮದುವೆಯ ಮಾತುಕತೆ ನಡೆದದ್ದೂ ಆ ದಿನಗಳಲ್ಲೇ. ಹುಡುಗಿಯ ಕಡೆಯವರು ಮನೆ ನೋಡಲು ಚಾಮರಾಜನಗರದಿಂದ ಬಂದರು. ಕೈಕಾಲು ತೊಳೆಯಲು ಅವ್ವ ಚೊಂಬಿನಲ್ಲಿ ನೀರು ಕೊಟ್ಟರೆ, ಅಪ್ಪ ಆ ಚೊಂಬನ್ನು ಹುಡುಗಿಯ ಸೋದರಮಾವನ ಕೈಯಿಂದ ತೆಗೆದುಕೊಂಡು, ಡಾಂಬರಿನ ನೆತ್ತಿಯ ಮೇಲೆ ಸುರಿದರು. ನೀರು ಎರಡು ಪಕ್ಕಕ್ಕೂ ಹರಿದು ಹೋಯಿತು. ಒಂದು ತೊಟ್ಟೂ ನಿಲ್ಲುವುದಿಲ್ಲ ನೋಡಿ ಅಂತ ತೋರಿಸಿದರು. ಆತ ಧೂಳುಗಾಲಲ್ಲೇ ನಿಂತು ತಲೆಯಾಡಿಸಿದ. ನಾನು ಬಾಗಿಲ ಹಿಂದೆ ನಿಂತು, ಈ ಸಂಬಂಧ ಮುರಿದು ಬೀಳಲಿ, ಇವರ ಮುಖ ಮತ್ತೆ ನೋಡುವ ಪ್ರಮೇಯ ಬರದಿರಲಿ ಅಂತ ಬೇಡಿಕೊಂಡೆ. ಊರಿಗೆ ಹಿಂತಿರುಗಿ ಆತ ಕೊಟ್ಟ ವರದಿಯನ್ನು ಗಿರಿಜೆ ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾಳೆ: ಹುಡುಗ ಹೇಗಿದ್ದಾನೋ ಸರಿಯಾಗಿ ನೋಡಲಾಗಲಿಲ್ಲ, ರಸ್ತೆ ಮಾತ್ರ ಚೆನ್ನಾಗಿದೆ.

ಇದುವರೆಗೆ ಹೇಳಿದ್ದು ನಗುವ ಥರದ ನಾಚಿಕೆ. ಊರಿನವರ ಜೊತೆ ಕೂತು ನಾವೂ ನಗಬಹುದಾದದ್ದು. ಇನ್ನೊಂದು ಇತ್ತು. ಅದು ರಸ್ತೆಯ ಬಲ ಅಂಚಿನಲ್ಲಿ ಇತ್ತು.

ಎಷ್ಟು ಆರೈಕೆ ಮಾಡಿದರೂ ನಮ್ಮ ದಾರಿಯ ಬಲ ಅಂಚು ಒಡೆಯುತ್ತಿತ್ತು. ಎಡಗಡೆ ಹಾಕಿದ ಹಾಗೇ ಗಟ್ಟಿ. ಬಲಗಡೆ ಮಾತ್ರ ಪ್ರತಿ ಮಳೆಗೂ ಕಚ್ಚಿ ತಿಂದ ರೊಟ್ಟಿಯ ಹಾಗೆ ಚೂರು ಚೂರಾಗಿ ಉದುರುತ್ತಿತ್ತು. ಅಪ್ಪ ಮೊದಲು ಮೇಸ್ತ್ರಿಯನ್ನು ಬೈದರು. ಆಮೇಲೆ ಬಸಪ್ಪನ ಎತ್ತುಗಳನ್ನು ಬೈದರು. ಅಂಚನ್ನು ಅಗೆದು, ಜಲ್ಲಿ ತುಂಬಿ, ಡಾಂಬರು ಹೊಯ್ದು ದಮ್ಮಸ್ಸು ಮಾಡಿದರು. ಮುಂದಿನ ಮಳೆಗೆ ಮತ್ತೆ ಅದೇ ಕತೆ. ಅಪ್ಪನ ಮಂಡಿಗೆ ನೋವು ಬಂತು. ರಸ್ತೆಯ ಅಂಚಿನ ಮೇಲಿನ ಹಟ ಹೋಗಲಿಲ್ಲ.

ನಮ್ಮ ಮದುವೆಯಾಗಿ ಗಿರಿಜೆ ಮನೆಗೆ ಬಂದಿದ್ದಳು. ಹೊಸಬರ ಕಣ್ಣಿಗೆ ಹಳಬರಿಗೆ ಕಾಣದ್ದು ಬೇಗ ಕಾಣುತ್ತದೆ. ಒಂದು ಬೆಳಗ್ಗೆ ಅಪ್ಪ ಅಂಚಿನ ಮುಂದೆ ಕೂತು ಗೊಣಗುತ್ತಿದ್ದಾಗ ಕಾಫಿ ಹಿಡಿದು ಹೋದವಳು, ಈ ಪಕ್ಕದಲ್ಲಿ ಇನ್ನೊಂದು ದಾರಿ ಇದೆಯಲ್ಲ ಮಾವ, ಇದರಲ್ಲಿ ಓಡಾಡುವವರು ಯಾರು ಅಂತ ಕೇಳಿದಳು. ಅಪ್ಪ ತಲೆ ಎತ್ತಿದರು. ನಾನೂ ಜಗಲಿಯಿಂದ ನೋಡಿದೆ. ಹೌದು, ಡಾಂಬರಿನ ಬಲ ಅಂಚಿಗೆ ಆತುಕೊಂಡ ಹಾಗೆ ಒಂದು ಕಾಲುದಾರಿ. ಹುಲ್ಲು ಸವೆದು, ಮಣ್ಣು ನುಣುಪಾಗಿ, ಒಂದು ಗೇಣು ಆಳಕ್ಕೆ ಇಳಿದು, ರಸ್ತೆಯ ತಲೆಯಿಂದ ಶುರುವಾಗಿ ಜಗಲಿಯನ್ನು ಬಳಸಿಕೊಂಡು ಹಿಂದಿನ ಕೊಟ್ಟಿಗೆಗೆ ಹೋಗಿತ್ತು. ಮಳೆನೀರು ಅದರಲ್ಲೇ ಹರಿದು ಡಾಂಬರಿನ ಅಡಿಯ ಮಣ್ಣನ್ನು ಕೊಚ್ಚುತ್ತಿತ್ತು. ದಿನಾ ಅದರ ಪಕ್ಕದಲ್ಲೇ ಸ್ಕೂಟರು ಓಡಿಸಿದ ನನಗೆ ಅದು ಒಂದು ದಾರಿ ಅಂತ ಅನಿಸಿರಲೇ ಇಲ್ಲ.

ಉತ್ತರವನ್ನು ತಂದವಳೂ ಗಿರಿಜೆಯೇ. ನಮ್ಮ ಹೊಲದ ಕೆಲಸಕ್ಕೆ ಕಾಲೊನಿಯಿಂದ ಬರುತ್ತಿದ್ದವರಲ್ಲಿ ಮಾದಮ್ಮ ಹಿರಿಯಳು. ನಾನು ಹುಡುಗನಾಗಿದ್ದಾಗಿನಿಂದ ಅವಳು ನಮ್ಮ ರಾಗಿ ಕಳೆ ತೆಗೆದವಳು, ನಮ್ಮ ಕೊಟ್ಟಿಗೆಗೆ ಮೇವು ಹೊತ್ತವಳು. ಅವತ್ತು ಜೋಳದ ದಂಟು ಹೊತ್ತು ಪಕ್ಕದ ಕಾಲುದಾರಿಯಲ್ಲಿ ಬಂದವಳನ್ನು ಗಿರಿಜೆ ಕೊಟ್ಟಿಗೆಯಲ್ಲಿ ಮಾತಾಡಿಸಿ, ಅಷ್ಟು ಚೆನ್ನಾಗಿರೋ ದಾರಿ ಬಿಟ್ಟು ಕೊರಕಲಲ್ಲಿ ಯಾಕೆ ಬರುತ್ತೀರಿ ಅಂತ ಕೇಳಿದಳಂತೆ. ಮಾದಮ್ಮನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತಂತೆ.

"ದೊಡ್ಡಬುದ್ದೇರು ಕಾಲಿಡಬ್ಯಾಡಿ ಅಂದಿದ್ರಲ್ಲವ್ವ," ಅಂದಳಂತೆ.

ಗಿರಿಜೆ ಇದನ್ನು ಊಟದ ಹೊತ್ತಿನಲ್ಲಿ ಹೇಳಿದಳು. ಅಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನೊಳಗೇ ನಿಂತಿತು. ನಾನು ಮನಸ್ಸಿನಲ್ಲೇ ವರ್ಷ ಎಣಿಸಿದೆ, ಎಣಿಸಿ ಅರ್ಧಕ್ಕೆ ಬಿಟ್ಟೆ.

"ಅದು ಆರೋಗಂಟ ಅಲ್ವಾ ನಾ ಯೋಳಿದ್ದು," ಅಂದರು ಅಪ್ಪ, ಯಾರನ್ನೂ ನೋಡದೆ.

ಅವ್ವ ಪಾತ್ರೆಯ ಮುಚ್ಚಳ ಮುಚ್ಚುತ್ತಾ, "ಆರ್ತು ಅಂತ ಅವ್ರಿಗ್ ಯಾರ್ ಯೋಳಿದ್ರು?" ಅಂದಳು.

ಯಾರೂ ಹೇಳಿರಲಿಲ್ಲ. ಆದರೆ ಬಸಪ್ಪನಿಗೂ ಯಾರೂ ಹೇಳಿರಲಿಲ್ಲ. ಅಪ್ಪ ಹಗ್ಗ ಬಿಚ್ಚಿದ ದಿನವೇ ಅವನು ಬೀಡಿ ಸೇದುತ್ತಾ ಡಾಂಬರಿನ ಮೇಲೆ ಬಂದು, ಕಾಲಿನಿಂದ ಒತ್ತಿ ನೋಡಿ, ಪರವಾಗಿಲ್ಲ ಗಟ್ಟಿಯಾಗೇ ಅದ ಅಂತ ಸರ್ಟಿಫಿಕೇಟು ಕೊಟ್ಟಿದ್ದ. ನಮ್ಮ ನೆಂಟರು, ಹಾಲಿನವನು, ಪೋಸ್ಟಿನವನು, ಎಲ್ಲರೂ ತಮಗೆ ತಾವೇ ಅಪ್ಪಣೆ ಕೊಟ್ಟುಕೊಂಡು ನಡೆದಿದ್ದರು. ಅಪ್ಪ ಕೂಗಿದ್ದು ಎಲ್ಲರಿಗೂ ಒಂದೇ ಮಾತು, ಒಂದೇ ಗಂಟಲಲ್ಲಿ. ಕೆಲವರಿಗೆ ಅದು ಆ ಹೊತ್ತಿನ ಮಾತಾಯಿತು, ಕೆಲವರಿಗೆ ಕಾಯಂ ಆಯಿತು. ಯಾಕೆ ಹಾಗಾಯಿತು ಅಂತ ಆ ಊಟದ ಮನೆಯಲ್ಲಿ ಕೂತಿದ್ದ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅದೇ ವಾರ ನಾನು ಶಾಲೆಯಲ್ಲಿ ಸಮಾನತೆಯ ಹಕ್ಕು ಪಾಠ ಮಾಡಿದ್ದೆ, ಬೋರ್ಡಿನ ಮೇಲೆ ದುಂಡಗಿನ ಅಕ್ಷರದಲ್ಲಿ.

ವಿದ್ಯಾವಂತನಾದ ನಾನು ಒಂದು ಪರಿಹಾರ ಸೂಚಿಸಿದೆ. ಆ ಕಾಲುದಾರಿಗೆ ಚಪ್ಪಡಿ ಕಲ್ಲು ಹಾಸಿಬಿಟ್ಟರೆ ನೀರೂ ಕೊಚ್ಚುವುದಿಲ್ಲ, ಅಂಚೂ ಉಳಿಯುತ್ತದೆ, ಅವರಿಗೂ ನಡೆಯಲು ಅನುಕೂಲ ಅಂದೆ. ಹೇಳುವಾಗ ಬಹಳ ಚೆನ್ನಾಗಿದೆ ಅಂತ ಅನಿಸಿತ್ತು. ಗಿರಿಜೆ ಸೌಟು ಕೆಳಗಿಟ್ಟಳು. "ಹಾಸಿ. ಹಾಸಿದ ಮೇಲೆ ನಿಮ್ಮ ಸ್ಕೂಲ್ ಮಕ್ಕಳನ್ನ ಕರ್ಕೊಂಡ್ ಬಂದು ತೋರಿಸಿ," ಅಂದಳು. ಆಮೇಲೆ ನಾನು ಆ ಊಟದಲ್ಲಿ ಮಜ್ಜಿಗೆ ಕೇಳಲಿಲ್ಲ.

ಸರಿ, ಹೇಳಿದರಾಯಿತು ಅಂತ ತೀರ್ಮಾನವಾಯಿತು. ಯಾರು ಹೇಳುವುದು? ಅಪ್ಪ ಅವ್ವನಿಗೆ ಹೇಳು ಅಂದರು. ಅವ್ವ ಒಂದು ದಿನ ಕೊಟ್ಟಿಗೆಯಲ್ಲಿ ಸಗಣಿ ಎತ್ತುತ್ತಾ, ಡಾಂಬರ ಮೇಲೇ ಬನ್ರವ್ವ ಇನ್ಮೇಲೆ ಅಂದಳು. ಮಾದಮ್ಮ ಆಗ್ಲವ್ವ ಅಂದಳು. ಮಾರನೆಯ ದಿನವೂ ಕಾಲುದಾರಿಯಲ್ಲೇ ಬಂದಳು. ನಾನು ಸ್ಕೂಟರು ನಿಲ್ಲಿಸಿ ಹೇಳಿದೆ. ನನಗೂ ಆಗ್ಲಿ ಅಂದಳು, ಅದೇ ದಾರಿಯಲ್ಲಿ ಹೋದಳು. ಅಪ್ಪ ತಾವಾಗಿ ಹೇಳಲಿಲ್ಲ. ಅಂಚನ್ನು ಮುಟ್ಟುವುದನ್ನೂ ನಿಲ್ಲಿಸಿದರು. ಆ ವರ್ಷ ಮಳೆಗಾಲಕ್ಕೆ ಮುಂಚೆ ಒಲೆ ಹೂಡಲಿಲ್ಲ. ಅವರು ಜಗಲಿಯಲ್ಲಿ ಕೂತರೆ ಬಲಗಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಗುಮಟಾಪುರದಲ್ಲಿ ದೀಪಾವಳಿ ಮುಗಿದ ಮೇಲೆ ಸಗಣಿ ಎರಚಾಟ ನೋಡಲು ಪ್ರತಿ ವರ್ಷ ಕಾರು ತೆಗೆಯುತ್ತಿದ್ದವರು, ಆ ಸಲ ಕಾರಿನ ಟಾರ್ಪಾಲು ಸರಿಸಲಿಲ್ಲ.

ಆಮೇಲೆ ಸೆಲ್ವಿ ಬಂದಳು. ಸೆಲ್ವಿ ಮಾದಮ್ಮನ ಮಗಳು, ನನ್ನ ಶಿಷ್ಯೆ. ಚುರುಕು ಹುಡುಗಿ. ಸತ್ಯಮಂಗಲದಲ್ಲಿ ನರ್ಸಿಂಗ್ ಓದಿ, ಈರೋಡಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಹಿಡಿದಿದ್ದಳು. ಮೇಷ್ಟ್ರಿಗೆ ಸಿಹಿ ಕೊಡಬೇಕು ಅಂತ ಒಂದು ಭಾನುವಾರ ಬೆಳಗ್ಗೆ ಬಂದಳು. ರಸ್ತೆಯ ತಲೆಯಲ್ಲಿ ಬಸ್ಸಿಳಿದು, ನೇರ ಡಾಂಬರಿನ ನಟ್ಟನಡುವೆ, ಹಿಮ್ಮಡಿ ಇರುವ ಕರಿ ಚಪ್ಪಲಿ ಹಾಕಿಕೊಂಡು, ಟಕಟಕ ಸದ್ದು ಮಾಡುತ್ತಾ ಬಂದಳು. ಅವಳನ್ನು ಕರೆತರಲು ಹೋಗಿದ್ದ ಮಾದಮ್ಮ ಪಕ್ಕದ ಕಾಲುದಾರಿಯಲ್ಲಿ ಬರಿಗಾಲಲ್ಲಿ, ಮಗಳ ಸೆರಗು ಎಳೆದು ಕೆಳಗಿಳಿಸಲು ಕೈ ಚಾಚುತ್ತಾ, ಅರ್ಧ ಓಡುತ್ತಾ ಬರುತ್ತಿದ್ದಳು. ತಾಯಿ ಮಗಳು ಅಷ್ಟು ಹತ್ತಿರ. ನಡುವೆ ನಮ್ಮ ಅಂಚು.

ಅಪ್ಪನೂ ನಾನೂ ಜಗಲಿಯಲ್ಲಿದ್ದೆವು. ಕಾಲೊನಿಯವರು ಡಾಂಬರಿನ ಮೇಲೆ ನಡೆಯಲಿ ಅಂತ ತಾನೇ ನಾವು ಹೇಳಿ ಕಳಿಸಿದ್ದು? ಅಪ್ಪನ ಕಣ್ಣು ಹುಡುಗಿಯ ಮುಖಕ್ಕೆ ಹೋಗುವ ಮೊದಲು ಚಪ್ಪಲಿಗೆ ಹೋಯಿತು. ಹೋಗಿ ಅಲ್ಲೇ ನಿಂತಿತು. ನಾನು ಅದನ್ನು ನೋಡಿ ಛೆ ಅಂದುಕೊಂಡೆ. ಆಮೇಲೆ ತಿಳಿಯಿತು, ಅಪ್ಪನ ಕಣ್ಣು ಎಲ್ಲಿದೆ ಅಂತ ನನಗೆ ಅಷ್ಟು ಬೇಗ ಗೊತ್ತಾದದ್ದು ನನ್ನ ಕಣ್ಣೂ ಅಲ್ಲೇ ಇದ್ದದ್ದರಿಂದ. ಸೆಲ್ವಿ ಇಬ್ಬರನ್ನೂ ನೋಡಿದಳು. ಅವಳ ನಡಿಗೆ ನಿಧಾನವಾಗಲಿಲ್ಲ.

ಗಿರಿಜೆ ಕುರ್ಚಿ ತಂದು ಹಾಕಿದಳು. ಸೆಲ್ವಿ ಕೂತಳು, ಕಾಫಿ ಕುಡಿದಳು, ಆಸ್ಪತ್ರೆಯ ವಿಷಯ ಹೇಳಿದಳು. ಮಾದಮ್ಮನಿಗೂ ಕುರ್ಚಿ ಬಂತು. ಅವಳು ಅದರ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಹೊರಡುವಾಗ ಮಾದಮ್ಮ ಕೊಟ್ಟಿಗೆ ಕಡೆ ಹೋದ ಹೊತ್ತು ನೋಡಿ ಸೆಲ್ವಿ ಅಪ್ಪನ ಎದುರಿಗೆ ನಿಂತಳು.

"ಅಯ್ಯಾ, ನಿಮ್ಮ ಬಾಯಲ್ಲೇ ಒಂದ್ ಮಾತ ಅವ್ವುನ್ಗ ಯೋಳ್ಬುಡಿ. ನಾ ಯೋಳುದ್ರ ನಂಗೇ ಬಯ್ತಳ. ಅವ್ಳ ಚಪ್ಲಿ ದಿನಾ ಆ ಬೇಲಿ ತಾವ ಕಾಯ್ಕಂಡ್ ಬಿದ್ದಿರ್ತವ."

ಬೇಲಿಯ ಹತ್ತಿರ ಚಪ್ಪಲಿ. ರಸ್ತೆಯ ತಲೆಯಲ್ಲಿ, ನಮ್ಮ ಕಳ್ಳಿಬೇಲಿಯ ಬುಡದಲ್ಲಿ, ಸಾಲಾಗಿ ಬಿಟ್ಟಿರುತ್ತಿದ್ದ ಹವಾಯಿ ಚಪ್ಪಲಿಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಒಂದು ಸಲ ಸ್ಕೂಟರಿನ ಚಕ್ರ ಅವುಗಳ ಮೇಲೆ ಹೋದದ್ದೂ ಇದೆ. ಯಾರದ್ದು, ಯಾಕೆ ಅಲ್ಲಿ ಅಂತ ಕೇಳಿಕೊಂಡಿರಲಿಲ್ಲ. ಕಾಲೊನಿಯವರು ಬರಿಗಾಲಲ್ಲಿ ಓಡಾಡುತ್ತಾರೆ ಅಂತಲೇ ನನ್ನ ತಿಳುವಳಿಕೆ.

ಅಪ್ಪ ಸೆಲ್ವಿಗೆ ತಲೆಯಾಡಿಸಿದರೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಸೋಮವಾರ ಬೆಳಗ್ಗೆ ಶರ್ಟು ಹಾಕಿಕೊಂಡು, ಡ್ಯೂಟಿಗೆ ಹೊರಟವರ ಹಾಗೆ, ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತರು. ನಾನು ಹಿತ್ತಲಿನಲ್ಲಿ ಹಲ್ಲುಜ್ಜುತ್ತಿದ್ದೆ. ಅವರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಒಂದು ಮೃದುವಾದ ಮಾತು ಆಡಲು ಅವರು ನಿಜವಾಗಿ ಬಂದಿದ್ದರು ಅಂತ ನಾನು ಇವತ್ತಿಗೂ ನಂಬುತ್ತೇನೆ. ಆದರೆ ಮೆಟ್ಟಿಲ ಮೇಲೆ ನಿಲ್ಲಬೇಡಿ, ಕೈ ಹೊರಗೆ ಹಾಕಬೇಡಿ, ಹಿಂದೆ ಸರಿಯಿರಿ ಅಂತ ಮೂವತ್ತು ವರ್ಷ ಕೂಗಿದ ಗಂಟಲಿಗೆ ಬೇರೆ ರಾಗ ಬರಲಿಲ್ಲ.

"ಮಾದಮ್ಮ, ಇನ್ಮ್ಯಾಕ ಎಲ್ರೂ ಡಾಂಬರ್ ಮ್ಯಾಲೇ ಬರ್ಬೇಕು. ಪಕ್ಕದಲ್ಲಿ ಬರ್ಕೂಡ್ದು. ಅಂಚು ಒಡೀತದ," ಅಂದರು.

ಅಂಚಿನ ಮಾತು ಯಾಕೆ ಸೇರಿಸಿದರೋ. ನಿಜವಾದ ಕಾರಣ ಹೇಳಲು ನಾಚಿಕೆಯಾಗಿ, ಬಾಯಿಗೆ ಸುಲಭವಾಗಿ ಬಂದ ಕಾರಣ ಹೇಳಿದರು ಅನಿಸುತ್ತದೆ. ಚಪ್ಪಲಿಯ ಸುದ್ದಿ ಬಾಯಿಗೇ ಬರಲಿಲ್ಲ.

"ಆಗ್ಲಿ ಬುದ್ದಿ," ಅಂದಳು ಮಾದಮ್ಮ.

ಈ ಸಲದ ಆಗಲಿ ಬೇರೆಯದು. ಅವತ್ತಿನಿಂದ ಕಾಲೊನಿಯ ಹೆಂಗಸರೆಲ್ಲ ಡಾಂಬರಿನ ಮೇಲೇ ಬಂದರು. ಚಪ್ಪಲಿ ಬೇಲಿಯ ಹತ್ತಿರವೇ ಇತ್ತು, ಬಂದದ್ದು ಬರಿಗಾಲು. ಆದರೂ ಅಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಬಲಗಡೆಗೆ ಮುಖ ಮಾಡಿ ಕೂರಲು ಶುರು ಮಾಡಿದರು. ಕಾಲುದಾರಿಯಲ್ಲಿ ಒಂದೆರಡು ಕಡೆ ಗರಿಕೆ ಚಿಗುರಿತು. ಅದನ್ನು ನನಗೆ ತೋರಿಸಿದರು ಕೂಡ.

ಬೇಸಿಗೆ ಬಂತು. ನಮ್ಮದು ಎತ್ತರದ ಸೀಮೆ, ಕೆಳಗಿನ ಈರೋಡಿನ ಹಾಗೆ ಬೇಯುವುದಿಲ್ಲ ಅಂತ ನಾವು ಹೆಮ್ಮೆಪಡುತ್ತೇವೆ. ಅದು ನೆರಳಿನ ಮಾತು. ಏಪ್ರಿಲ್ ಮಧ್ಯಾಹ್ನ ಡಾಂಬರಿನ ಮೇಲೆ ಗಾಳಿ ಕುದಿಯುವುದು ಕಣ್ಣಿಗೇ ಕಾಣುತ್ತದೆ. ಶಾಲೆಗೆ ರಜೆ. ಊಟಕ್ಕೆ ಮುಂಚೆ ಅಪ್ಪ ಕೈಕಾಲು ತೊಳೆದು ಬಂದು ಜಗಲಿಯಲ್ಲಿ ಕೂತಿದ್ದರು. ಮಾದಮ್ಮ ತಲೆಯ ಮೇಲೆ ಹಸಿಮೇವಿನ ಹೊರೆ ಹೊತ್ತು ರಸ್ತೆಯ ತಲೆಯಲ್ಲಿ ಕಾಣಿಸಿಕೊಂಡಳು. ಡಾಂಬರಿಗೆ ಇಳಿದಳು. ಸಣ್ಣ ಸಣ್ಣ ಹೆಜ್ಜೆಯಲ್ಲಿ ಬೇಗ ಬೇಗ ನಡೆದಳು. ನುಗ್ಗೆಮರದ ನೆರಳು ಒಂದು ಟವಲಿನಷ್ಟು ಅಗಲಕ್ಕೆ ಬಿದ್ದಿತ್ತು. ಅಲ್ಲಿ ನಿಂತು, ಒಂದು ಪಾದವನ್ನು ಇನ್ನೊಂದರ ಮೇಲೆ ಇಟ್ಟುಕೊಂಡಳು. ಹೊರೆ ಅಲುಗಾಡಿತು. ಮತ್ತೆ ನಡೆದಳು. ಈಗ ಅದು ನಡಿಗೆಯಾಗಿರಲಿಲ್ಲ, ಹಂಚಿನ ಮೇಲೆ ಬಿದ್ದ ಕಾಳು ಪುಟಿಯುವ ಹಾಗೆ ಇತ್ತು. ಪಕ್ಕದಲ್ಲೇ ತಣ್ಣಗಿನ ಮಣ್ಣು, ಗರಿಕೆ.

ಅಪ್ಪ ಎದ್ದು ನಿಂತರು. ಪಕ್ಕಕ್ಕಿಳಿ ಮಾದಮ್ಮ ಅಂತ ಕೂಗಿದರು.

"ಬ್ಯಾಡ ಬುದ್ದಿ, ಅಂಚು ಒಡೀತದ," ಅಂದಳು ಅವಳು, ನಿಲ್ಲದೆ.

ಅಪ್ಪನ ಮುಖ ಹೇಗಾಯಿತು ಅಂತ ನಾನು ಬರೆಯಲಾರೆ. ಅವರು ಹಾಗೇ ಜಗಲಿಯಿಂದ ಇಳಿದು ಅವಳ ಕಡೆಗೆ ಹೊರಟರು. ಚಪ್ಪಲಿ ಬಚ್ಚಲಿನ ಬಾಗಿಲಲ್ಲಿತ್ತು. ಜೀವಮಾನವೆಲ್ಲ ರಸ್ತೆಯ ಮೇಲೆ ಕಳೆದವರು, ಬಿಸಿಲಲ್ಲಿ ಡಾಂಬರಿಗೆ ಬರಿಗಾಲು ಇಟ್ಟದ್ದು ಅದೇ ಮೊದಲು ಇರಬೇಕು. ಎರಡು ಹೆಜ್ಜೆ ಗಂಭೀರವಾಗಿ ಹಾಕಿದರು. ಮೂರನೆಯದಕ್ಕೆ ಹ್ಞಾ ಅಂದರು. ಆಮೇಲೆ ಪಂಚೆ ಎತ್ತಿ ಹಿಡಿದು, ನೋವಿನ ಮಂಡಿಯನ್ನೂ ಮರೆತು, ಕುಣಿಯುತ್ತಾ ಒಂದೇ ನೆಗೆತಕ್ಕೆ ಪಕ್ಕದ ಕಾಲುದಾರಿಗೆ ಹಾರಿ, ಒಡೆದ ಅಂಚು ಹಿಡಿದುಕೊಂಡು ಕೂತುಬಿಟ್ಟರು. ಅವರು ಬಿದ್ದೇಬಿಟ್ಟರೆಂದು ಮಾದಮ್ಮ ಗಾಬರಿಯಾಗಿ ಹೊರೆಸಮೇತ ಪಕ್ಕಕ್ಕೆ ಇಳಿದಳು. ಇಬ್ಬರೂ ಆ ಕೊರಕಲಿನಲ್ಲಿ ಎದುರುಬದುರಾದರು. ಅಪ್ಪ ಅಂಗಾಲು ತಿರುಗಿಸಿ ನೋಡಿಕೊಂಡು ಊದುತ್ತಿದ್ದರು.

ಮಾದಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು, ಹೊರೆ ತಲೆಯ ಮೇಲೆ ನಡುಗಿತು. ನಮ್ಮ ಮನೆಯಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ನೀವೂ ಇಲ್ಗೇ ಬಂದ್ಬುಟ್ರಾ ಬುದ್ದಿ," ಅಂದಳು.

ಅಪ್ಪ ನಗಲಿಲ್ಲ. ತಲೆ ಬಗ್ಗಿಸಿ, ನನಗೆ ಕೇಳಿಸೀತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿಯಲ್ಲಿ ಮಾತಾಡಿದರು. ಅಷ್ಟು ಸಣ್ಣ ದನಿ ಅವರಲ್ಲಿ ಇದೆ ಅಂತ ನಮಗೆ ಗೊತ್ತಿರಲಿಲ್ಲ.

"ಅಂಚು ಒಡುದ್ರ ಒಡ್ಕಳ್ಳಿ ಕಣವ್ವ. ನೀ ಚಪ್ಲಿ ಆಕಂಡ್ ಬಾ. ಅದ ಅವತ್ತೇ ಯೋಳ್ಬೇಕಾಗಿತ್ತು, ಬಾಯಿ ಬರ್ನಿಲ್ಲ."

ಅವಳ ನಗು ನಿಂತಿತು. ಒಂದು ಸಲ ಬೇಲಿಯ ಕಡೆ ನೋಡಿದಳು, ಒಂದು ಸಲ ಜಗಲಿಯ ಕಡೆ. ಆಗಲಿ ಅನ್ನಲಿಲ್ಲ. ನೋಡಮ ಬುದ್ದಿ ಅಂದು, ಕಾಲುದಾರಿಯಲ್ಲೇ ಕೊಟ್ಟಿಗೆಗೆ ಹೋದಳು.

ಸಂಜೆ ಅಪ್ಪ ತಾಳವಾಡಿಗೆ ಹೋಗಿ ಅವಳಿಗೆ ಒಂದು ಜೊತೆ ಒಳ್ಳೆಯ ಚಪ್ಪಲಿ ತರುತ್ತೇನೆ ಅಂತ ಹೊರಟರು. ಅವ್ವ ತಡೆದಳು. ಅವಳಿಗೆ ಚಪ್ಪಲಿ ಇದೆ, ನೀವು ಕೊಡಿಸಿದರೆ ಹಾಕಿಕೊಳ್ಳಲೇಬೇಕಾದ ಇನ್ನೊಂದು ಕಟ್ಟಳೆ ಆಗುತ್ತದೆ, ಸುಮ್ಮನೆ ಕೂತ್ಕಳಿ ಅಂದಳು. ಅಪ್ಪ ಸುಮ್ಮನೆ ಕೂತರು. ಅಂಗಾಲಿಗೆ ಬೆಣ್ಣೆ ಹಚ್ಚಿದ್ದರಿಂದ ಎದ್ದು ಓಡಾಡುವ ಹಾಗೂ ಇರಲಿಲ್ಲ.

ಕೆಲವು ದಿನ ಏನೂ ಆಗಲಿಲ್ಲ. ತಂಪು ಹೊತ್ತಿನಲ್ಲಿ ಡಾಂಬರು, ಬಿಸಿಲಲ್ಲಿ ಕಾಲುದಾರಿ. ಆಮೇಲೆ ಒಂದು ಮಧ್ಯಾಹ್ನ ನಾವು ಜಗಲಿಯಲ್ಲಿದ್ದೆವು. ಅಪ್ಪ ಪೇಪರು ಓದುತ್ತಿದ್ದರು, ಅವ್ವ ಅವರೆಕಾಳು ಹಸನು ಮಾಡುತ್ತಿದ್ದಳು, ನಾನು ಸ್ಕೂಟರು ಒರೆಸುತ್ತಿದ್ದೆ. ಮಾದಮ್ಮ ರಸ್ತೆಯ ತಲೆಯಲ್ಲಿ ಬಂದು ನಿಂತದ್ದು ಮೂವರಿಗೂ ಕಂಡಿತು. ಹೊರೆ ಇರಲಿಲ್ಲ. ಚಪ್ಪಲಿ ಕೈಯಲ್ಲಿತ್ತು. ನುಗ್ಗೆಮರದವರೆಗೆ ಮಣ್ಣಿನ ಮೇಲೆ ಬಂದು ನಿಂತಳು. ನಿಂತು ನಮ್ಮ ಕಡೆ ನೋಡಿದಳು.

ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಎತ್ತಿದರು. ಅವ್ವ ಮೊರದೊಳಗೆ ತಲೆ ಹಾಕಿದಳು. ನಾನು ಸ್ಕೂಟರಿನ ಹಿಂದೆ ಕುಕ್ಕರಿಸಿ, ಒರೆಸಿದ ಜಾಗವನ್ನೇ ಮತ್ತೆ ಒರೆಸತೊಡಗಿದೆ. ನೋಡಲು ನಾಚಿಕೆ, ನೋಡಿದರೆ ಕಣ್ಣು ಮತ್ತೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಅನ್ನುವ ಭಯ. ನಮ್ಮ ಕಣ್ಣನ್ನು ನಾವು ನಂಬುವ ಹಾಗಿರಲಿಲ್ಲ.

ಡಾಂಬರಿನ ಮೇಲೆ ಪಟ್ ಪಟ್ ಅಂತ ಎರಡು ಸಲ ಏನೋ ಬಿತ್ತು. ಆಮೇಲೆ ಹವಾಯಿ ಚಪ್ಪಲಿಯ ಸದ್ದು ಶುರುವಾಯಿತು, ಮೊದ ಮೊದಲು ತಡೆದು ತಡೆದು, ಆಮೇಲೆ ಸಲೀಸಾಗಿ. ಅದು ನಡುದಾರಿಯಲ್ಲಿ ಬಂದು, ಜಗಲಿಯ ಮುಂದೆ ಹಾದು, ಕೊಟ್ಟಿಗೆಯ ಕಡೆ ತಿರುಗಿತು. ಪೂರ್ತಿ ಅಡಗುವವರೆಗೂ ನಾವು ಮೂವರೂ ತಲೆ ಎತ್ತಲಿಲ್ಲ.